ಎರಡು ಬುಟ್ಟಿ, ಒಂದು ಚೀಲ



ಬೀದಿಯ ತುದಿಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತೆಂದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಬುಟ್ಟಿ ಹಿಡಿದು ಓಡುವವರು ನಾವೇ ತಾನೇ? ಬುಟ್ಟಿ ಖಾಲಿಯಾಯಿತು, ನಮ್ಮ ಕೆಲಸ ಮುಗಿಯಿತು. ಆದರೆ ಆ ಗಾಡಿ ಊರು ದಾಟಿ ಎಲ್ಲಿಗೆ ಹೋಗುತ್ತದೆ ಅಂತ ಯಾವತ್ತಾದರೂ ವಿಚಾರಿಸಿದ್ದೀರಾ?

ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಕೆಲಸದಲ್ಲಿದ್ದಾರೆ. ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೋ ಅಲ್ಲಿಗೆ ಹೋದಾಗ ಸೊಸೆ ಹೇಳಿಕೊಡುವ ಮೊದಲ ಪಾಠವೇ ಇದು: “ಅತ್ತೆ, ಹಸಿರು ಬುಟ್ಟಿಗೆ ಹಾಲಿನ ಕವರು ಹಾಕಬೇಡಿ.” ಕಸಕ್ಕೂ ಇಷ್ಟೊಂದು ಮಡಿಯೇ ಅಂತ ನಗು ಬರುತ್ತದೆ. ನಗುವ ಮೊದಲು ಮಂಡೂರಿನ ಕಥೆ ಕೇಳಿ.

ವೈಟ್‌ಫೀಲ್ಡ್‌ನಿಂದ ಉತ್ತರಕ್ಕೆ, ಹಳೆ ಮದರಾಸು ರಸ್ತೆಯ ಆಚೆಗೆ ಮಂಡೂರು ಅನ್ನುವ ಹಳ್ಳಿಯಿದೆ. ಬೆಂಗಳೂರಿನ ಮನೆಮನೆಯ ಕಸ ಲಾರಿಗಟ್ಟಲೆ ಅಲ್ಲಿಗೆ ಹೋಗಿ ಬೀಳುತ್ತಿತ್ತು. ಯಲಹಂಕದಾಚೆಯ ಮಾವಳ್ಳಿಪುರದ ಜನ ಹೋರಾಡಿ, 2012ರಲ್ಲಿ ಅಲ್ಲಿನ ಗುಂಡಿ ಮುಚ್ಚಿದ ಮೇಲಂತೂ ಮಂಡೂರಿನ ಮೇಲೆ ಹೊರೆ ಇನ್ನೂ ಹೆಚ್ಚಿತು. ಹಗಲೂ ರಾತ್ರಿ ನಾತ, ನೊಣ, ಬಾವಿ ನೀರು ಕೆಟ್ಟಿತೆಂಬ ದೂರು. ನೊಣ ಮುತ್ತುವ ಮನೆಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವುದಾದರೂ ಹೇಗೆ, ನೀವೇ ಯೋಚಿಸಿ. 2014ರ ಜೂನ್‌ನಲ್ಲಿ ಊರಿನವರು ಲಾರಿಗಳನ್ನು ತಡೆದು ಕುಳಿತರು. ಸರ್ಕಾರ ಕಾಲಾವಕಾಶ ಕೇಳಿ, ಕೊನೆಗೆ ಅದೇ ವರ್ಷ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು.

ಮಂಡೂರಿಗೆ ಲಾರಿ ನಿಂತಿತೇ ಹೊರತು ಕಸ ನಿಲ್ಲಲಿಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಹಳೆಯ ಕಲ್ಲುಗಣಿಗಳ ದಾರಿ ಹಿಡಿಯಿತು. ಒಂದು ಊರಿನವರ ಕಣ್ಣೀರು ಒರೆಸಿ ಇನ್ನೊಂದು ಊರಿನವರ ಬಾಗಿಲಿಗೆ ಸುರಿದ ಹಾಗಾಯಿತು.

ಕಸ ಯಾಕೆ ಅಷ್ಟು ನಾರುತ್ತದೆ? ಗೊತ್ತಿರುವ ವಿಷಯವೇ. ತರಕಾರಿ ಸಿಪ್ಪೆ ಹಿತ್ತಲ ಗುಂಡಿಯಲ್ಲಿ ಬಿದ್ದರೆ ಮಣ್ಣಾಗುತ್ತದೆ. ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಎಸೆದರೆ ಗಾಳಿಯಾಡದೆ ಕೊಳೆಯುತ್ತದೆ. ಅದರಿಂದ ಇಳಿಯುವ ಕಪ್ಪು ನೀರು ನೆಲಕ್ಕೆ, ಬಾವಿಗೆ ಸೇರುತ್ತದೆ. ಏಳುವ ಅನಿಲ ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲವೇ. ಒಲೆಯಲ್ಲಿ ಉರಿದರೆ ಅಡುಗೆಯಾಗುತ್ತದೆ, ಗುಡ್ಡದಲ್ಲಿ ಹೊತ್ತಿಕೊಂಡರೆ ಪ್ಲಾಸ್ಟಿಕ್ಕಿನ ಹೊಗೆ ಊರೆಲ್ಲಾ ತುಂಬುತ್ತದೆ. ಅಂದರೆ ಹಸಿಯದೂ ಒಣದೂ ಕಲೆತ ಕಡೆಯೇ ತೊಂದರೆ ಶುರು. ಕಲೆಯುವ ಜಾಗ ನಮ್ಮ ಅಡುಗೆಮನೆ.

ಇದನ್ನು ತಿಳಿದೇ ಬೆಂಗಳೂರು ಮಹಾನಗರ ಪಾಲಿಕೆ 2012ರ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳು ಬಂದವು. ಬೀದಿಯಲ್ಲಿ ಆಯುತ್ತಿದ್ದವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಸಿಕ್ಕಿತು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು ಹಸಿಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕೆಂಬ ನಿಯಮವಾಯಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಎಲ್ಲರಿಗೂ ಒಂದೇ ಪದ್ಧತಿ ಇರಲಿ ಎಂದಿತು: ಅಡುಗೆಮನೆಯ ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡಯಾಪರುಗಳಂಥವಕ್ಕೆ ಕೆಂಪು ಬುಟ್ಟಿ, ಕಾಗದ-ಪ್ಲಾಸ್ಟಿಕ್ಕಿನ ಒಣಕಸಕ್ಕೆ ಒಂದು ಚೀಲ. 2025ರಲ್ಲಿ ಆ ಪಾಲಿಕೆಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದವು. ಪಾಲಿಕೆ ಐದಾದರೇನು, ಅಡುಗೆಮನೆ ಅದೇ ತಾನೇ?

“ಯಂತ್ರಗಳು ಇಲ್ಲವೇ, ನಮಗ್ಯಾಕೆ ಈ ತಾಪತ್ರಯ?” ಅಂತೀರಾ? ಯಂತ್ರಗಳೂ ನಮ್ಮ ಕೈಯನ್ನೇ ಕಾಯುತ್ತವೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಬದಿಗೆ, ಕೂಡ್ಲು ಹತ್ತಿರ, ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವಿದೆ. ಊರಿನ ಕಸದಿಂದ ಗೊಬ್ಬರ ಮಾಡಲೆಂದು 1975ರಲ್ಲೇ ಶುರುವಾದದ್ದು. ಗಾಜು, ಬ್ಲೇಡು ಸೇರಿದ ಗೊಬ್ಬರವನ್ನು ಯಾವ ರೈತ ಗದ್ದೆಗೆ ಹಾಕಿಯಾನು? ಹಸಿಕಸದಿಂದ ಅನಿಲ ತೆಗೆಯುವ ಘಟಕಗಳನ್ನು ಪಾಲಿಕೆ ಅಲ್ಲಲ್ಲಿ ಕಟ್ಟಿತು, ಅವುಗಳಲ್ಲಿ ಹಲವು ಸರಿಯಾಗಿ ನಡೆಯದೆ ನಿಂತವು. ಆ ಘಟಕವೆಂದರೆ ಇಡ್ಲಿ ಹಿಟ್ಟಿನ ಪಾತ್ರೆಯಿದ್ದಂತೆ. ಹುಳಿ ಬರಿಸುವ ಕಣ್ಣಿಗೆ ಕಾಣದ ಜೀವಿಗಳಿಗೆ ಶುದ್ಧ ಹಸಿಕಸ ಬೇಕು, ಪ್ಲಾಸ್ಟಿಕ್ ಬಿದ್ದರೆ ಕೆಲಸ ಕೆಡುತ್ತದೆ. ಇನ್ನು ಕಸ ಸುಟ್ಟು ಕರೆಂಟು ತೆಗೆಯಲು ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ, ಪಾಲಿಕೆಯ ಜೊತೆಗೂಡಿ 11.5 ಮೆಗಾವಾಟಿನ ಘಟಕ ಕಟ್ಟಿತು. ಅಲ್ಲಿಯೂ ಅದೇ ಮಾತು. ಹಸಿ ಸೌದೆ ಒಲೆಗಿಟ್ಟು ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಯಂತ್ರಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಣಕಸ ಕೇಂದ್ರಗಳಲ್ಲಿ ಕುಳಿತು ಆರಿಸುವವರು ಬಹುಪಾಲು ಹೆಂಗಸರೇ. ನಮ್ಮಂತೆಯೇ ಬೆಳಗ್ಗೆ ಮನೆಯವರಿಗೆ ಅಡುಗೆ ಮಾಡಿಟ್ಟು ಬಂದವರು. ಸುತ್ತದೆ ಎಸೆದ ಪ್ಯಾಡು, ಒಡೆದ ಗಾಜು, ಇಂಜೆಕ್ಷನ್ ಸೂಜಿ ಎಲ್ಲಾ ಸಿಕ್ಕುವುದು ಅವರ ಕೈಗೇ. ಪ್ಯಾಡನ್ನು ಹಳೆಯ ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿಕೊಡುವುದಕ್ಕೆ ನಮಗೆ ಅರ್ಧ ನಿಮಿಷ ಸಾಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

“ನಾವು ಬೇರೆ ಮಾಡಿಕೊಟ್ಟರೂ ಗಾಡಿಯವನು ಎಲ್ಲಾ ಒಂದೇ ಕಡೆ ಸುರೀತಾನೆ” ಅನ್ನುವ ದೂರು ಅನೇಕರದು. ಹಲವು ಊರುಗಳಲ್ಲಿ ಇದು ನಿಜವೇ. ಹಾಗೆಂದು ನೀವೂ ಕೈಬಿಡಬೇಡಿ, ಸುಮ್ಮನೆಯೂ ಇರಬೇಡಿ. ಒಬ್ಬರೇ ಹೋಗದೆ ಮಹಿಳಾ ಸಮಾಜದವರೋ ಸ್ವಸಹಾಯ ಸಂಘದವರೋ ಹತ್ತು ಜನ ಸೇರಿ ಪುರಸಭೆಗೆ ಹೋಗಿ. ಗಾಡಿಯಲ್ಲಿ ಎರಡು ಭಾಗವಿದೆಯೇ, ಒಣಕಸ ಯಾರಿಗೆ ಕೊಡುತ್ತೀರಿ, ಗೊಬ್ಬರದ ಗುಂಡಿ ಎಲ್ಲಿದೆ, ತೋರಿಸಿ ಎಂದು ಕೇಳಿ. ಹಲವು ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ ಗಾಡಿಯನ್ನು ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಿರುವಾಗ, ಕೇಳುವುದಕ್ಕೆ ನಮಗೇನು ಹಿಂಜರಿಕೆ?

ಇನ್ನು ಈ ಸಲದ ‘ಅಡುಗೆ’, ಗೊಬ್ಬರದ ಮಡಕೆ.

ಬೇಕಾಗುವ ಸಾಮಾನು: ಮುಚ್ಚಳವಿರುವ ದೊಡ್ಡ ಮಣ್ಣಿನ ಮಡಕೆ ಒಂದು, ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ, ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಸಗಣಿ, ದಿನದ ತರಕಾರಿ ಮತ್ತು ಹಣ್ಣಿನ ಸಿಪ್ಪೆ, ಟೀ ಚರಟ.

ಮಾಡುವ ವಿಧಾನ: ಮಡಕೆಯ ಸುತ್ತ ಮತ್ತು ತಳಕ್ಕೆ ಸಣ್ಣ ತೂತುಗಳನ್ನು ಮಾಡಿಸಿ, ಎರಡು ಇಟ್ಟಿಗೆಯ ಮೇಲೆ ನೆರಳಲ್ಲಿಡಿ. ತಳಕ್ಕೆ ನಾಲ್ಕು ಬೆರಳು ಒಣ ಎಲೆ ಹಾಸಿ. ಅದರ ಮೇಲೆ ಸಣ್ಣಗೆ ಹೆಚ್ಚಿದ ಸಿಪ್ಪೆ ಹಾಕಿ, ಮಜ್ಜಿಗೆ ಚಿಮುಕಿಸಿ. ಹಸಿಯದನ್ನು ಎಷ್ಟು ಹಾಕುತ್ತೀರೋ ಅಷ್ಟೇ ಒಣ ಎಲೆಯನ್ನು ಮೇಲೆ ಮುಚ್ಚಿ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ನಾತ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿ. ತೀರಾ ಒಣಗಿದ್ದರೆ ನೀರು ಚಿಮುಕಿಸಿ. ಎಣ್ಣೆಯ ಪದಾರ್ಥ, ಮಾಂಸ, ಮೂಳೆ ಬೇಡ. ಮಡಕೆ ತುಂಬಿದ ಮೇಲೆ ಒಂದೂವರೆ ಎರಡು ತಿಂಗಳು ಹಾಗೇ ಬಿಡಿ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧ. ಜರಡಿ ಹಿಡಿದು ಮಲ್ಲಿಗೆ ಬಳ್ಳಿಗೆ, ಕರಿಬೇವಿಗೆ ಹಾಕಿ ನೋಡಿ.

ನಿಮ್ಮೂರು ಚಿಕ್ಕದಿರಬಹುದು, ನಿಮ್ಮೂರ ಕಸವೂ ಯಾವುದೋ ಹಳ್ಳಿಯ ಬದಿಗೇ ಹೋಗುತ್ತದೆ. ಆ ಹಳ್ಳಿಯ ಹೆಸರನ್ನು ಈ ವಾರ ಗಾಡಿಯವರನ್ನು ಕೇಳಿ ತಿಳಿದುಕೊಳ್ಳಿ. ಅಲ್ಲೂ ಒಬ್ಬ ತಾಯಿ ಮಗುವಿನ ತಟ್ಟೆಯ ಮೇಲಿನ ನೊಣ ಓಡಿಸುತ್ತಿರಬಹುದು. ಅದು ಗೊತ್ತಾದ ಮೇಲೆ ಬುಟ್ಟಿ ಎರಡು, ಚೀಲ ಒಂದು ಇಡುವುದು ನಿಮಗೆ ಹೊರೆ ಅನ್ನಿಸಲಾರದು.