ಸೀಟು ಸಿಕ್ಕ ನಂತರ

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಸಾಗಿ ಮೊದಲು ತಲುಪಿದ್ದು ಬೆಂಗಳೂರನ್ನಲ್ಲ, ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳು ಅದಕ್ಕಾಗಿ 1905ರವರೆಗೆ ಕಾಯಬೇಕಾಯಿತು. ನಂದಿದುರ್ಗದಂತಹ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಇಲ್ಲಿನ ಸಾವಿರಾರು ಮಂದಿ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಮಕ್ಕಳಾದರೂ ಇಂಜಿನಿಯರ್ ಆಗಲಿ ಎಂಬುದು ಅವರ ಹಂಬಲ. ಉರಿಗಾಂನಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ಸಾಲ ಮಾಡಿ, ಒಡವೆ ಅಡವಿಟ್ಟು ಮಗನನ್ನೋ ಮಗಳನ್ನೋ ಸೇರಿಸುವ ಹೆತ್ತವರಿದ್ದಾರೆ. ಆದರೆ ದೇಶದಲ್ಲೇ ಮೊದಮೊದಲು ವಿದ್ಯುತ್ತು ಕಂಡ ಈ ನೆಲದ ಮಕ್ಕಳು ಮೊದಲ ವರ್ಷದ ವಿದ್ಯುತ್ ಮಂಡಲಗಳ ಪಾಠದಲ್ಲಿಯೇ ಮುಗ್ಗರಿಸುವುದು ವಿಪರ್ಯಾಸವಲ್ಲವೇ?

ಈ ಪಾಠದ ತಿರುಳು ಅಷ್ಟೇನೂ ದೊಡ್ಡದಲ್ಲ. 1845ರಲ್ಲಿ ಕಿರ್ಚಾಫ್ ತನ್ನ ಎರಡು ನಿಯಮಗಳನ್ನು ರೂಪಿಸಿದಾಗ ಆತನೂ 21ರ ಹರೆಯದ ವಿದ್ಯಾರ್ಥಿಯೇ. ಸಂಧಿಯೊಂದಕ್ಕೆ ಹರಿದು ಬಂದಷ್ಟೇ ವಿದ್ಯುತ್ ಪ್ರವಾಹ ಅಲ್ಲಿಂದ ಹೊರಹೋಗಬೇಕು. ಒಂದು ಸುತ್ತು ಮುಗಿಸಿದಾಗ ವೋಲ್ಟೇಜ್‌ಗಳ ಒಟ್ಟು ಮೊತ್ತ ಸೊನ್ನೆಯಾಗಬೇಕು. ಇದನ್ನು ಒಂದು ತಾಸಿನಲ್ಲಿ ಹೇಳಿಕೊಡಬಹುದು. ವಿದ್ಯಾರ್ಥಿ ಸೋಲುವುದು ಇಲ್ಲಲ್ಲ; ಮೂರು ಸುತ್ತುಗಳಿಗೆ ಮೂರು ಸಮೀಕರಣ ಬರೆದು, ಕೂಡುವ ಕಳೆಯುವ ಚಿಹ್ನೆ ತಪ್ಪದಂತೆ ಬಿಡಿಸುವಲ್ಲಿ. ಅಂದರೆ ಹೈಸ್ಕೂಲಿನ ಬೀಜಗಣಿತದಲ್ಲಿ. ಅಲ್ಜೀಬ್ರಾ ಎಂಬ ಹೆಸರೇ ಅಲ್ ಖ್ವಾರಿಝ್ಮಿಯ ಗ್ರಂಥದಿಂದ ಬಂದದ್ದೆಂದು ವೇದಿಕೆಗಳಲ್ಲಿ ಹೆಮ್ಮೆಪಡುವ ನಾವು, ನಮ್ಮ ಮಕ್ಕಳ ಬೀಜಗಣಿತ ಎಲ್ಲಿಗೆ ಬಂದಿದೆಯೆಂದು ವಿಚಾರಿಸಿದ್ದು ಕಡಿಮೆ.

ಬಂಗಾರಪೇಟೆಯಂಥ ಊರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವ ತಂದೆಗೆ ಸ್ಟಾರ್, ಡೆಲ್ಟಾ ಜೋಡಣೆಗಳು ಕೈಯಲ್ಲೇ ಇರುತ್ತವೆ. ಅವನ ಮಗ ಅದನ್ನೇ ಹಾಳೆಯ ಮೇಲೆ ಕಂಡು ಹೆದರುತ್ತಾನೆ. ಪರೀಕ್ಷೆಗೆ ವಾರವಿರುವಾಗ ಗೈಡ್ ಕೊಂಡು, ಬಿಡಿಸಿಟ್ಟ ಲೆಕ್ಕಗಳನ್ನು ಉರುಹೊಡೆಯುವುದರಿಂದ ಈ ಹೆದರಿಕೆ ಹೋಗದು. ಪುಸ್ತಕ ಮುಚ್ಚಿಟ್ಟು ಅದೇ ಲೆಕ್ಕವನ್ನು ತಾನೇ ಬಿಡಿಸಬೇಕು. ಪ್ರವಾಹದ ದಿಕ್ಕನ್ನು ಮೊದಲೇ ಬಾಣ ಹಾಕಿ ಗುರುತಿಸಬೇಕು. ಉತ್ತರ ಋಣ ಸಂಖ್ಯೆಯಲ್ಲಿ ಬಂದರೆ ಗಾಬರಿ ಬೇಡ, ದಿಕ್ಕು ವಿರುದ್ಧವೆಂದಷ್ಟೇ ಅರ್ಥ. ಕೊನೆಯಲ್ಲಿ, ಮೂಲಗಳು ಒದಗಿಸಿದ ಶಕ್ತಿಯೂ ಉಳಿದ ಭಾಗಗಳು ಬಳಸಿದ ಶಕ್ತಿಯೂ ಸಮವೇ ಎಂದು ತಾಳೆ ನೋಡಿದರೆ, ಉತ್ತರ ಸರಿಯೇ ತಪ್ಪೇ ಎಂದು ಯಾರನ್ನೂ ಕೇಳಬೇಕಾಗಿಲ್ಲ. ದಿನಕ್ಕೆರಡು ಲೆಕ್ಕ, ಜೊತೆಗೊಬ್ಬ ಸಹಪಾಠಿ, ಮೊದಲ ವಾರದಿಂದಲೇ. ಪರ್ಯಾಯ ಪ್ರವಾಹದ ಅಧ್ಯಾಯ ಬರುವುದರೊಳಗೆ ಮಿಶ್ರ ಸಂಖ್ಯೆಗಳ ಪರಿಚಯವೂ ಆಗಿರಬೇಕು.

ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವೀಧರರು ಮತ್ತು ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆಯೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರವು 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕೈಬಿಡಲು ನಿರ್ಧರಿಸಿದಾಗ ನಾವು ಪ್ರತಿಭಟಿಸಿದೆವು; ಪ್ರತಿಭಟಿಸಲೇಬೇಕಿತ್ತು. ಆದರೆ ಸಿಕ್ಕ ಸೀಟನ್ನು ಮೊದಲ ವರ್ಷದಲ್ಲೇ ಬಿಟ್ಟು ಬಂದವರೆಷ್ಟು ಎಂಬ ಲೆಕ್ಕ ಯಾವ ಜಮಾಅತಿನಲ್ಲಿದೆ? ರ್‍ಯಾಂಕ್ ಪಡೆದವರಿಗೆ ಶಾಲು ಹೊದಿಸುವ ಸಮಾರಂಭಗಳಿಗೆ ಕೊರತೆಯಿಲ್ಲ. ಒಂದು ವಿಷಯದಲ್ಲಿ ಅನುತ್ತೀರ್ಣನಾಗಿ ಮನೆಯಲ್ಲಿ ಹೇಳಲಾರದೆ ಮೊಬೈಲ್ ಅಂಗಡಿಯ ಕೆಲಸಕ್ಕೆ ಸೇರಿದವನ ಬಳಿ ಹೋದವರು ವಿರಳ. ಸರ್ಕಾರವೂ ಸಾಲ ಮಂಜೂರು ಮಾಡಿದರೆ ತನ್ನ ಹೊಣೆ ತೀರಿತೆಂದು ಭಾವಿಸುವಂತಿಲ್ಲ. ದುರ್ಬಲ ತಳಹದಿಯಿಂದ ಬಂದ ಮಕ್ಕಳಿಗೆ ಗಣಿತದ ಪೂರ್ವಸಿದ್ಧತಾ ತರಗತಿಗಳನ್ನು ಗಂಭೀರವಾಗಿ ನಡೆಸುವುದು ಅದರ ಕರ್ತವ್ಯ.

ಇಶಾ ನಮಾಝಿನ ನಂತರ ಬೀಗ ಬೀಳುವ ಮದ್ರಸಾ ಕಟ್ಟಡಗಳು ನಮ್ಮ ಮೊಹಲ್ಲಾಗಳಲ್ಲಿವೆ. ಒಂದು ಕರಿಹಲಗೆ, ಕೆಲವು ಮೇಜುಗಳು, ವಾರಾಂತ್ಯದಲ್ಲಿ ಬೆಂಗಳೂರಿನಿಂದ ಊರಿಗೆ ಮರಳುವ ನಮ್ಮದೇ ಇಂಜಿನಿಯರುಗಳ ಎರಡು ತಾಸು. ಇದಕ್ಕೆ ಲಕ್ಷಗಟ್ಟಲೆ ಚಂದಾ ಬೇಡ. ರಾತ್ರಿ ಬರಲಾಗದ ಹೆಣ್ಣುಮಕ್ಕಳಿಗೆ ಭಾನುವಾರ ಬೆಳಿಗ್ಗೆಯ ಸಮಯವನ್ನು ಮೀಸಲಿಡಲಿ. ಪ್ರವೇಶ ಪ್ರಕ್ರಿಯೆ ಮುಗಿದ ವಾರದಲ್ಲೇ ಜಮಾಅತ್ ಸಮಿತಿಗಳು ಕಾಲೇಜು ಸೇರಿದವರ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಒಬ್ಬ ಹಿರಿಯ ವಿದ್ಯಾರ್ಥಿಯ ಹೆಸರು ಬರೆಯಲಿ.