ಕಣ್ಣುಜ್ಜುವ ಮಕ್ಕಳು

ಸೇಲಂ ಬಯಲಿನಿಂದ 20 ಹೇರ್‌ಪಿನ್ ತಿರುವುಗಳನ್ನು ಏರಿ ಸೇರಬೇಕಾದ ಏರ್ಕಾಡಿನಂತಹ ಊರಿನವರಿಗೆ ಕನ್ನಡಕ ಬದಲಾಯಿಸುವುದೆಂದರೆ ಒಂದು ದಿನದ ಕೆಲಸ. ಆದುದರಿಂದ ಆರು ತಿಂಗಳ ಹಿಂದೆ ಮಾಡಿಸಿದ ಕನ್ನಡಕ ಸಾಲದೆಂದು ಮಗ ಹೇಳಿದರೆ, 'ಮುಂದಿನ ರಜೆಯಲ್ಲಿ ನೋಡೋಣ' ಎಂದು ಹಿರಿಯರು ಸುಮ್ಮನಾಗುವುದುಂಟು. ಆ ಸುಮ್ಮನಿರುವಿಕೆಯ ಬಗೆಗೇ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಕಣ್ಣಿನ ಪಾಪೆಯ ಮುಂದೆ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕೆಲವರಲ್ಲಿ, ಹೆಚ್ಚಾಗಿ ಹರೆಯದಲ್ಲಿ, ಅದು ತೆಳುವಾಗುತ್ತ ಶಂಕುವಿನಂತೆ ಮುಂದಕ್ಕೆ ಉಬ್ಬತೊಡಗುತ್ತದೆ. ಇದಕ್ಕೆ ಕೆರಟೋಕೋನಸ್ ಎಂದು ಹೆಸರು. ಒಂದು ದೀಪ ಹಲವಾಗಿ ಕಾಣುತ್ತದೆ. ಅಕ್ಷರಗಳಿಗೆ ನೆರಳು ಮೂಡುತ್ತದೆ. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತದೆ. ಒಂದೇ ಮನೆತನದಲ್ಲಿ ಕೆಲವರಿಗೆ ಬರುವುದುಂಟು. ಅಲರ್ಜಿಯ ತುರಿಕೆಯಿಂದ ಸದಾ ಕಣ್ಣುಜ್ಜಿಕೊಳ್ಳುವ ಮಕ್ಕಳಲ್ಲಿ ಇದು ಹೆಚ್ಚು. 'ನಿದ್ದೆ ಬಂದಿರಬೇಕು' ಎಂದು ನಾವು ನಕ್ಕು ಬಿಡುವ ಅಭ್ಯಾಸವದು! ತುರಿಕೆಗೆ ಔಷಧ ಹಾಕಿಸಿ ಉಜ್ಜುವುದನ್ನು ಬಿಡಿಸುವುದೇ ಚಿಕಿತ್ಸೆಯ ಮೊದಲ ಭಾಗ.

ಅಕ್ಷರಫಲಕ ಓದಿಸಿದ ಮಾತ್ರಕ್ಕೆ ರೋಗ ತಿಳಿಯದು. ಕಾರ್ನಿಯದ ಉಬ್ಬುತಗ್ಗುಗಳ ನಕ್ಷೆ ತೆಗೆಸಬೇಕು. ರೋಗ ಬೆಳೆಯುತ್ತಿದ್ದರೆ ಕ್ರಾಸ್‌ಲಿಂಕಿಂಗ್ ಎಂಬ ಉಪಾಯವುಂಟು. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು ಇದರ ಫಲವನ್ನು 2003ರಲ್ಲಿ ಪ್ರಕಟಿಸಿದರು. ಬಿ2 ಜೀವಸತ್ವದ ಹನಿಗಳನ್ನು ಹಾಕಿ ನೇರಳಾತೀತ ಬೆಳಕು ಹಾಯಿಸಿದಾಗ ಪದರದ ಎಳೆಗಳು ಒಂದಕ್ಕೊಂದು ಬೆಸೆದು ಬಿಗಿಯಾಗುತ್ತವೆ. ಆದರೆ ಇದರ ಗುರಿ ರೋಗವನ್ನು ಇದ್ದಲ್ಲಿ ನಿಲ್ಲಿಸುವುದು. ಕಳೆದ ದೃಷ್ಟಿಯನ್ನು ಮರಳಿ ತರುವುದಲ್ಲ. ಪದರ ತೀರ ತೆಳುವಾದ ಮೇಲೆ ಇದನ್ನು ಮಾಡುವುದೂ ಕಷ್ಟ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನ ಕೆಲಸ ಬೇರೆ: ಅದು ನೋಟವನ್ನು ತಿದ್ದುತ್ತದೆ, ರೋಗವನ್ನು ತಡೆಯದು. ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆಯಂತೂ ಇಂಥವರಿಗೆ ಸಲ್ಲದು.

ಇವು ಯಾವುವೂ ಸಾಲದೆ ಹೋದವರಿಗೆ ಕಾರ್ನಿಯ ಕಸಿ. ಅದು ದಾನಿಗಳಿಲ್ಲದೆ ನಡೆಯದು. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು 2006ರಲ್ಲಿ ದಾನವಾದವು. 2021ರಲ್ಲಿ ಮಗ ಪುನೀತರ ಎರಡು ಕಾರ್ನಿಯಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂಪದರ, ಹಿಂಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಕೆರಟೋಕೋನಸ್ಸಿನಲ್ಲಿಯೂ ಅನೇಕ ವೇಳೆ ಮುಂಪದರವಷ್ಟನ್ನೇ ಬದಲಿಸಿದರೆ ಸಾಕಾಗುತ್ತದೆ.

ಬೆಂಗಳೂರಿಗಾಗಲಿ, ಕೊಯಮತ್ತೂರಿನ ಅರವಿಂದ ಆಸ್ಪತ್ರೆಗಾಗಲಿ ಹೊರಡುವಾಗ ಹಳೆಯ ಕನ್ನಡಕದ ಚೀಟಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ನಂಬರು ಎಷ್ಟು ಬೇಗ ಬದಲಾಗಿದೆಯೆಂಬುದು ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ.