ಬೇಡಿ ಯಾರ ಕೈಗೆ, ಲಾಭ ಯಾರ ಜೇಬಿಗೆ?



2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನವೊಂದು 104 ಜನ ಭಾರತೀಯರನ್ನು ತಂದು ಅಮೃತಸರದಲ್ಲಿ ಇಳಿಸಿತು. ಎಲ್ಲರೂ ಕಾನೂನಿಗೆ ವಿರುದ್ಧವಾಗಿ ಆ ದೇಶ ಹೊಕ್ಕವರು. ಗಂಡಸರ ಕೈಗೆ ಕೋಳ, ಕಾಲಿಗೆ ಸರಪಳಿ. ಹರಿಯಾಣದವರು 33, ಗುಜರಾತಿನವರು 33, ಪಂಜಾಬಿನವರು 30, ಮಿಕ್ಕವರು ಬೇರೆ ಕಡೆಯವರು. ಮಾರನೇ ದಿನ ವಿದೇಶಾಂಗ ಮಂತ್ರಿ ಜೈಶಂಕರ್ ರಾಜ್ಯಸಭೆಯಲ್ಲಿ ಹೇಳಿದರು: ಇದೇನು ಹೊಸದಲ್ಲ, 2009ರಿಂದ ಹೀಗೆ 15 ಸಾವಿರಕ್ಕೂ ಹೆಚ್ಚು ಜನ ವಾಪಸು ಬಂದಿದ್ದಾರೆ, ವಿಮಾನದಲ್ಲಿ ಕಟ್ಟಿ ತರುವ ಪದ್ಧತಿ 2012ರಿಂದಲೇ ಇದೆ, ಅಂತ.

ಆಗ ಅರಳಿಕಟ್ಟೆಗಳಲ್ಲೂ ಎರಡು ಪಕ್ಷ ಆಯಿತು. ಇವತ್ತಿಗೂ ಮುಗಿದಿಲ್ಲ. ಒಂದು ಪಕ್ಷದವರು, "ಕದ್ದು ಹೋದವನಿಗೆ ಬೇಡಿ ಹಾಕದೆ ಹೂವಿನ ಹಾರ ಹಾಕ್ತಾರೇನ್ರಿ? ನಮ್ಮ ಬದು ದಾಟಿ ಬಂದವನನ್ನು ನಾವು ಬಿಡ್ತೀವಾ?" ಅಂತಾರೆ. ಇನ್ನೊಂದು ಪಕ್ಷದವರು, "ಹೊಟ್ಟೆಪಾಡಿಗೆ ಹೋದವನಿಗೆ ಗಡಿ ಏನು, ಕಾನೂನು ಏನು? ದುಡಿಯೋಕೆ ಹೋದ, ದೋಚೋಕಲ್ಲ" ಅಂತಾರೆ.

ಮೊದಲನೆಯವರ ಮಾತಿನಲ್ಲಿ ಸತ್ಯ ಇದೆ. ಸರ್ವೆ ಕಲ್ಲಿನ ಬೆಲೆ ರೈತನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ದೇಶ ಅಂದ ಮೇಲೆ ಗಡಿ ಇರಬೇಕು, ಗಡಿಗೆ ಬಾಗಿಲು, ಬಾಗಿಲಿಗೆ ಕಾವಲು ಇರಬೇಕು. ಅರ್ಜಿ ಹಾಕಿ ವರ್ಷಗಟ್ಟಲೆ ಸರದಿಯಲ್ಲಿ ಕಾದವನಿಗೆ ಕಳ್ಳದಾರಿಯವನಿಂದ ಅನ್ಯಾಯ ಆಗುತ್ತದೆ. ಕರುಣೆಯ ಪಕ್ಷದವರು ಈ ಮಾತನ್ನು ಬಾಯಿಯಲ್ಲೇ ನುಂಗಿಕೊಳ್ಳುತ್ತಾರೆ, ಅದು ಸರಿಯಲ್ಲ.

ಆದರೆ ಬದುವಿನ ಮಾತೆತ್ತಿದವರನ್ನೇ ನಾನು ಕೇಳುತ್ತೇನೆ. ಪಕ್ಕದ ಜಮೀನಿನವನು ರಾತ್ರಿ ಹೊತ್ತು ತಾನೇ ಬೇಲಿ ಸರಿಸಿ ಆಳು ಕರಕೊಂಡು, ಅರ್ಧ ಕೂಲಿಗೆ ಕಳೆ ಕೀಳಿಸಿ, ಬೆಳೆ ಕೊಯ್ಯಿಸಿ, ಒಕ್ಕಣೆ ಮುಗಿದ ಮೇಲೆ "ಅಯ್ಯೋ ಕಳ್ಳ ನುಗ್ಗಿದ್ದಾನೆ" ಅಂತ ಪೊಲೀಸರನ್ನು ಕರೆದರೆ ಪಂಚಾಯ್ತಿಯಲ್ಲಿ ನೀವು ಯಾರಿಗೆ ದಂಡ ಹಾಕುತ್ತೀರಿ? ಅಮೆರಿಕದ ಹೊಲ ತೋಟಗಳಲ್ಲಿ ಎಂಬತ್ತು ವರ್ಷದಿಂದ ನಡೆದಿರುವುದು ಇದೇ.

1942ರಲ್ಲಿ ಯುದ್ಧಕಾಲಕ್ಕೆ ಆಳು ಸಾಲದೆ ಅಮೆರಿಕ ಸರ್ಕಾರ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ತರಿಸಿತು. ಬ್ರಸೆರೋ ಯೋಜನೆ ಅಂತ ಹೆಸರು, 1964ರವರೆಗೆ ನಡೆಯಿತು. ಒಪ್ಪಂದದ ಕೂಲಿಗಿಂತ ಕಳ್ಳದಾರಿಯ ಕೂಲಿ ಅಗ್ಗ ಅಂತ ಕಂಡುಕೊಂಡ ದೊಡ್ಡ ಭೂಮಾಲೀಕರು ಅದನ್ನೂ ಜೊತೆಯಲ್ಲೇ ನಡೆಸಿದರು. 1952ರಲ್ಲಿ ಕಾನೂನು ಬಂತು: ಅಕ್ರಮವಾಗಿ ಬಂದವನನ್ನು ಅಡಗಿಸಿಟ್ಟುಕೊಂಡರೆ ಜೈಲು. ಭೇಷ್ ಅನ್ನೋಣ. ಆದರೆ ಅದರಲ್ಲೇ ಒಂದು ಸಾಲು ಸೇರಿಸಿದರು: ಕೆಲಸಕ್ಕೆ ಇಟ್ಟುಕೊಂಡರೆ ಅದು ಅಡಗಿಸಿಟ್ಟುಕೊಂಡಂತೆ ಅಲ್ಲ! ಟೆಕ್ಸಾಸಿನ ಜಮೀನ್ದಾರರ ಅನುಕೂಲಕ್ಕೆ ಬಂದ ಈ ಸಾಲಿಗೆ ಟೆಕ್ಸಾಸ್ ವಿನಾಯ್ತಿ ಅಂತಲೇ ಹೆಸರು ಬಿತ್ತು. ಎರಡು ವರ್ಷ ಕಳೆದು 1954ರಲ್ಲಿ ಅದೇ ಸರ್ಕಾರ ಮೆಕ್ಸಿಕೋದವರನ್ನು ಲಾರಿ, ರೈಲು, ಹಡಗುಗಳಲ್ಲಿ ತುಂಬಿ ಸಾರಾಸಗಟು ಗಡಿಯಾಚೆ ಹಾಕಿತು. ಕರೆಸಿಕೊಂಡವನ ಕೂದಲು ಕೊಂಕಲಿಲ್ಲ.

ಆ ವಿನಾಯ್ತಿ 34 ವರ್ಷ ಬದುಕಿತು. 1986ರಲ್ಲಿ ರೇಗನ್ ಕಾಲದ ಕಾಯ್ದೆ ಅದನ್ನು ತೆಗೆದು, ಒಳಗಿದ್ದ ಸುಮಾರು 27 ಲಕ್ಷ ಜನರಿಗೆ ನೆಲೆಸುವ ಹಕ್ಕು ಕೊಟ್ಟು, ಇನ್ನು ಮೇಲೆ ಕೆಲಸ ಕೊಟ್ಟವನೂ ತಪ್ಪಿತಸ್ಥ ಎಂದಿತು. ಆದರೆ "ಗೊತ್ತಿದ್ದೂ" ಕೊಟ್ಟರೆ ಮಾತ್ರ. ಆ ಒಂದು ಪದ ಸಾಕಾಯಿತು. ಅವನು ಕಾಗದ ತೋರಿಸಿದ, ನಾನು ನಂಬಿದೆ, ಅಲ್ಲಿಗೆ ಮುಗಿಯಿತು. ನಡುವೆ ಒಬ್ಬ ಮೇಸ್ತ್ರಿಯನ್ನು ನಿಲ್ಲಿಸಿಕೊಂಡರೆ ಇನ್ನೂ ಕ್ಷೇಮ.

ಇದರ ಫಲ ಏನು ಅನ್ನುವುದನ್ನು ಅಲ್ಲಿಯ ಸಿರಾಕ್ಯೂಸ್ ವಿಶ್ವವಿದ್ಯಾಲಯದವರು ಸರ್ಕಾರಿ ದಾಖಲೆಯಿಂದಲೇ ಲೆಕ್ಕ ಹಾಕಿದ್ದಾರೆ. 2018ರ ಏಪ್ರಿಲ್‌ನಿಂದ 2019ರ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ಅಕ್ರಮವಾಗಿ ಗಡಿ ದಾಟಿದ್ದಕ್ಕೆ ಮೊಕದ್ದಮೆ ಎದುರಿಸಿದವರು 85 ಸಾವಿರಕ್ಕೂ ಹೆಚ್ಚು. ಗೊತ್ತಿದ್ದೂ ಅಂಥವರಿಗೆ ಕೆಲಸ ಕೊಟ್ಟಿದ್ದಕ್ಕೆ ಮೊಕದ್ದಮೆ ಎದುರಿಸಿದವರು 11. ಹನ್ನೊಂದು ಜನ! ಕಂಪನಿ ಒಂದೂ ಇಲ್ಲ.

ಅಲ್ಲಿಯ ಕೃಷಿ ಇಲಾಖೆ ಹೇಳುವ ಪ್ರಕಾರ ಬೆಳೆ ಕೆಲಸದ ಕೂಲಿಗಳಲ್ಲಿ ನೂರಕ್ಕೆ ಸುಮಾರು 40 ಜನ ಕಾಗದಪತ್ರ ಇಲ್ಲದವರು. 2011ರಲ್ಲಿ ಅಲಬಾಮಾ ರಾಜ್ಯ ಬಿಗಿ ಕಾನೂನು ತಂದಾಗ ಕೂಲಿಗಳು ಊರು ಬಿಟ್ಟರು, ಟೊಮ್ಯಾಟೊ ಗಿಡದಲ್ಲೇ ಕೊಳೆಯಿತು. ಎಲ್ಲರನ್ನೂ ಹೊರಹಾಕುವ ಮಾತಾಡಿ ಗೆದ್ದ ಟ್ರಂಪ್ ಸಾಹೇಬರೇ 2025ರ ಜೂನ್‌ನಲ್ಲಿ, ರೈತರ ಒಳ್ಳೇ ಆಳುಗಳು ಕೈತಪ್ಪುತ್ತಿದ್ದಾರೆ ಎಂದರು. ಹೊಲಗಳ ಮೇಲಿನ ದಾಳಿ ನಿಲ್ಲಿಸಿ ಅಂತ ಅಧಿಕಾರಿಗಳಿಗೆ ಸೂಚನೆ ಹೋಯಿತು, ವಾರ ತುಂಬುವುದರೊಳಗೆ ಆ ಸೂಚನೆಯೂ ವಾಪಸಾಯಿತು. ಕಾನೂನು ಅಂದರೆ ಕಾನೂನೇ ಅನ್ನುವುದಾದರೆ, ಸುಗ್ಗಿ ನೋಡಿಕೊಂಡು ಅದು ಹಿಗ್ಗಿ ಕುಗ್ಗುವುದು ಹೇಗೆ ಸ್ವಾಮಿ?

ಹೆದರಿದ ಆಳು ಹೆಚ್ಚು ಕೂಲಿ ಕೇಳುವುದಿಲ್ಲ. ಕೈ ಮುರಿದರೆ ಆಸ್ಪತ್ರೆ ಖರ್ಚು ಕೇಳುವುದಿಲ್ಲ. ಅವನನ್ನು ಪೂರ್ತಿ ಒಳಗೂ ಬಿಡದೆ, ಪೂರ್ತಿ ಹೊರಗೂ ಹಾಕದೆ ಹೊಸಿಲ ಮೇಲೆ ನಿಲ್ಲಿಸಿಕೊಂಡಿರುವುದೇ ಅಲ್ಲಿಯ ವ್ಯವಹಾರ. ಕರುಣೆಯ ಪಕ್ಷದವರೂ ಇದನ್ನು ತಿಳಿಯಬೇಕು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳ ಕೂಲಿಕಾರರನ್ನು 1960ರ ದಶಕದಲ್ಲಿ ಸಂಘಟಿಸಿದ ಸೀಸರ್ ಚಾವೆಸ್ ಸ್ವತಃ ಮೆಕ್ಸಿಕೋ ಮೂಲದವರು. ಆದರೂ ಮುಷ್ಕರ ಮುರಿಯಲು ಕಾಗದ ಇಲ್ಲದವರನ್ನು ಮಾಲೀಕರು ದುಡಿಸಿದಾಗ, 1970ರ ದಶಕದಲ್ಲಿ ಅವರ ಸಂಘವೇ ಅಂಥವರ ಮೇಲೆ ಸರ್ಕಾರಕ್ಕೆ ದೂರು ಕೊಟ್ಟಿತು. ಬಡವನ ಹೊಟ್ಟೆಗೆ ಬಡವನಿಂದಲೇ ಹೊಡೆಸುವ ಏರ್ಪಾಡು ಇದು. ಬರೀ ಅಯ್ಯೋ ಪಾಪ ಅಂದರೆ ಈ ಏರ್ಪಾಡು ಮುರಿಯುವುದಿಲ್ಲ.

ಅಲ್ಲಿಯ ರೈತನ ಕಡೆಯ ಮಾತನ್ನೂ ಹೇಳಬೇಕು. ಗ್ರಾಹಕ ಆಹಾರಕ್ಕೆ ಕೊಡುವ ಒಂದು ಡಾಲರಿನಲ್ಲಿ, ಅಂದರೆ 100 ಸೆಂಟಿನಲ್ಲಿ, ರೈತನಿಗೆ ಮುಟ್ಟುವುದು 2023ರ ಲೆಕ್ಕದಂತೆ ಸುಮಾರು 16 ಸೆಂಟು. ಮಿಕ್ಕದ್ದು ಸಾಗಣೆ, ಕಾರ್ಖಾನೆ, ದೊಡ್ಡ ಅಂಗಡಿಗಳ ಪಾಲು. ಬೆಲೆ ಕಟ್ಟುವ ಅಧಿಕಾರ ಬೇರೆಯವನ ಕೈಯಲ್ಲಿದ್ದಾಗ ರೈತ ಕೂಲಿಯನ್ನೇ ಹಿಂಡುತ್ತಾನೆ. ಇದು ನಮಗೆ ಹೊಸ ಕಥೆಯಲ್ಲ. ಹಾಗಂತ ಅದು ಕ್ಷಮೆಯೂ ಅಲ್ಲ.

ಇನ್ನು ಹೋದವರ ಕಡೆಗೆ ಬನ್ನಿ. ಆ ವಿಮಾನದಿಂದ ಇಳಿದವರಲ್ಲಿ ಎಷ್ಟೋ ಜನ ರೈತರ ಮಕ್ಕಳು. ಏಜೆಂಟನಿಗೆ 30, 40, 50 ಲಕ್ಷ ಕೊಟ್ಟೆವು ಅಂತ ಅವರೇ ಹೇಳಿದ್ದಾರೆ. ಜಮೀನು ಮಾರಿ, ಒಡವೆ ಗಿರವಿ ಇಟ್ಟು, ಕೈಸಾಲ ಮಾಡಿ ಕೊಟ್ಟ ದುಡ್ಡು. ಪನಾಮಾದ ಕಾಡಿನಲ್ಲಿ ನಡೆದು, ಮೆಕ್ಸಿಕೋ ದಾಟಿ ಹೋಗುವ ಆ ದಾರಿಗೆ ಅವರ ಕಡೆ ಡಂಕಿ ಅಂತಾರೆ. ಒಂದು ಲೆಕ್ಕ ಹಾಕಿ ನೋಡಿ. 40 ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 80 ಸಾವಿರ, ಬರೀ ಬಡ್ಡಿ. ಕೇಂದ್ರ ಸರ್ಕಾರದ 2018-19ರ ಸಮೀಕ್ಷೆಯಲ್ಲಿ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798 ಮಾತ್ರ.

"ಪಂಜಾಬಿನವರಿಗೆ ಗೋಧಿ ಭತ್ತಕ್ಕೆ ಬೆಂಬಲ ಬೆಲೆ ಸಿಗುತ್ತೆ, ಅವರಿಗೇನು ರೋಗ? ದುರಾಸೆ" ಅಂತ ನಮ್ಮವರೇ ಅನ್ನುವುದನ್ನು ಕೇಳಿದ್ದೇನೆ. ಆಸೆ ಇಲ್ಲ ಅಂತ ನಾನು ಹೇಳುವುದಿಲ್ಲ, 40 ಲಕ್ಷ ಹೊಂದಿಸಬಲ್ಲವನು ತೀರಾ ಬಡವನೂ ಅಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ಪಂಜಾಬಿನ ಕೃಷಿ ಕುಟುಂಬದ ಸರಾಸರಿ ಸಾಲ 2 ಲಕ್ಷ 3 ಸಾವಿರ, ಹರಿಯಾಣದ್ದು 1 ಲಕ್ಷ 82 ಸಾವಿರ, ನಮ್ಮ ಕರ್ನಾಟಕದ್ದು 1 ಲಕ್ಷ 26 ಸಾವಿರ. ನೀರಾವರಿ ಇದ್ದು, ಸರ್ಕಾರಿ ಖರೀದಿ ಇದ್ದು, ಆ ನೆಲದ ಹುಡುಗನಿಗೇ ಹೊಲ ಮಾರಿ ಹೊರದೇಶದ ಕಾಡು ಹೊಗುವುದು ಲಾಭ ಅಂತ ಅನ್ನಿಸಿದರೆ, ಭಾಗವಾಗಿ ಭಾಗವಾಗಿ ಉಳಿದ ಎರಡು ಎಕರೆ ಅವನಿಗೆ ಏನು ಕೊಡುತ್ತಿತ್ತು ಅಂತ ಯೋಚಿಸಬೇಡವೇ?

ಏಜೆಂಟನ ವಿಷಯಕ್ಕೆ ಬಂದರೆ ಕಾನೂನಿಗೆ ಬರ ಇಲ್ಲ. 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಯಾರೂ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವಂತಿಲ್ಲ. ಪಂಜಾಬ್ ಸರ್ಕಾರ 2012ರಲ್ಲೇ ತನ್ನದೊಂದು ಕಾಯ್ದೆ ಮಾಡಿದೆ. ವಿಮಾನ ಬಂದಿಳಿದ ಮೇಲೆ ಕೆಲವು ಏಜೆಂಟರ ಮೇಲೆ ಕೇಸು ಹಾಕಿದರು, ಅಷ್ಟು ಹೊತ್ತಿಗೆ ದುಡ್ಡು ಹೋಗಬೇಕಾದ ಕಡೆ ಹೋಗಿತ್ತು. ಮನಸ್ಸು ಮಾಡಿದರೆ ಹಿಡಿಯುವುದು ಅಸಾಧ್ಯವೇನಲ್ಲ. 2022ರ ಜನವರಿಯಲ್ಲಿ ಗುಜರಾತಿನ ಒಂದೇ ಕುಟುಂಬದ ನಾಲ್ವರು, ಇಬ್ಬರು ಮಕ್ಕಳೂ ಸೇರಿ, ಕೆನಡಾ ಗಡಿಯ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಸಾಗಿಸುವ ದಂಧೆಯ ಇಬ್ಬರಿಗೆ ಅಮೆರಿಕದ ಕೋರ್ಟು 2025ರಲ್ಲಿ ಜೈಲು ಶಿಕ್ಷೆ ಕೊಟ್ಟಿತು. ನಾಲ್ಕು ಹೆಣ ಬೀಳುವವರೆಗೆ ಕಾಯಬೇಕೇ?

ಇಷ್ಟೆಲ್ಲ ಹೇಳಿ ನಮ್ಮ ಬಾಗಿಲು ಮುಚ್ಚಿಕೊಂಡರೆ ನ್ಯಾಯವಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇವತ್ತು ಅಸ್ಸಾಮಿನ ಕೂಲಿಗಳಿದ್ದಾರೆ. ಅವರ ನಡುವೆ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರೆ ಅನ್ನುವ ಕೂಗು ಆಗಾಗ ಏಳುತ್ತದೆ. ಸೇರಿದ್ದರೆ ಕಾನೂನಿನಂತೆ ಪತ್ತೆ ಮಾಡಲಿ. 2025ರ ಹೊಸ ವಿದೇಶಿಯರ ಕಾಯ್ದೆಯಲ್ಲಿ ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಗ್ಗಿದವನಿಗೆ 5 ವರ್ಷದವರೆಗೆ ಜೈಲು ಇದೆ. ಆದರೆ ಬಂಗಾಳಿ ಮಾತಾಡಿದ ಮಾತ್ರಕ್ಕೆ ಯಾರೂ ಬಾಂಗ್ಲಾದವರಾಗುವುದಿಲ್ಲ, ಅದು ನಮ್ಮ ದೇಶದ ಕೋಟ್ಯಂತರ ಜನರ ಮನೆಮಾತು. ಅಗ್ಗಕ್ಕೆ ಸಿಗುತ್ತಾನೆ ಅಂತ ಕಾಗದ ನೋಡದೆ ಲೈನ್ ಮನೆಯಲ್ಲಿ ಇಟ್ಟುಕೊಂಡು, ಕೂಲಿ ಲೆಕ್ಕ ಕೇಳಿದ ದಿನ "ನೀನು ಬಾಂಗ್ಲಾದವನು, ಪೊಲೀಸರಿಗೆ ಹೇಳ್ತೀನಿ" ಅನ್ನುವ ಮಾಲೀಕ ನಮ್ಮಲ್ಲಿ ಒಬ್ಬನಿದ್ದರೂ, ಅವನಿಗೂ ಟೆಕ್ಸಾಸಿನವನಿಗೂ ಏನು ವ್ಯತ್ಯಾಸ?

ತಪ್ಪು ಮಾಡಿದವನನ್ನು ವಾಪಸು ಕಳಿಸಬಾರದು ಅಂತ ನಾವು ಕೇಳುತ್ತಿಲ್ಲ. ಕೈಕಾಲು ಕಟ್ಟದೆ, ಮನುಷ್ಯನಂತೆ ಕಳಿಸಿ. ಅವನನ್ನು ದುಡಿಸಿಕೊಂಡವನನ್ನೂ ಅದೇ ಕೋರ್ಟಿಗೆ ಎಳೆಯಿರಿ. ಇಲ್ಲಿ ನಮ್ಮ ಸರ್ಕಾರಗಳು ಏಜೆಂಟನ ಆಸ್ತಿ ಹಿಡಿದು, ಅವನು ತಿಂದ ಹಣವನ್ನು ಹೊಲ ಕಳಕೊಂಡವರಿಗೆ ಕೊಡಿಸಲಿ. ಸಾಲದ ಕಂತು ತಪ್ಪಿದ ರೈತನ ಎತ್ತು, ಪಂಪ್‌ಸೆಟ್ಟು, ಮನೆ ಬಾಗಿಲನ್ನು ಕಿತ್ತುಕೊಂಡು ಹೋದ ಅಧಿಕಾರಿಗಳನ್ನು ನಾವು ಕಣ್ಣಾರೆ ಕಂಡವರು. ಜಫ್ತಿ ಮಾಡುವ ವಿದ್ಯೆ ಅವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.